ಕುಡಿತ ಬಿಟ್ಟವರು ಸಿಗರೇಟು ಬಿಡಲು ಹೆದರಬೇಕೇ?

ಈ ಸಂಚಿಕೆಗೆ ಆರಿಸಿಕೊಂಡಿರುವ ಮೂರು ಪತ್ರಗಳೂ ಒಂದೇ ವಿಷಯಕ್ಕೆ ಸಂಬಂಧಿಸಿವೆ. ಬರೆದವರ ಗುರುತು ಹತ್ತುವಂಥ ವಿವರಗಳನ್ನು ಕೈಬಿಟ್ಟಿದ್ದೇನೆ. ಮೊದಲನೆಯ ಪತ್ರದಲ್ಲಿರುವ ಹೆದರಿಕೆಯನ್ನು ನನ್ನ ಕೊಠಡಿಯಲ್ಲಿ ಅನೇಕರು ಬಾಯಿಬಿಟ್ಟು ಹೇಳದೆ ಅನುಭವಿಸುತ್ತಾರೆ ಎಂಬ ಕಾರಣಕ್ಕೆ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯ ವೈದ್ಯರೇ, ನನಗೆ 47 ವರ್ಷ. ದಾವಣಗೆರೆ ಜಿಲ್ಲೆಯ ಒಂದು ಊರಿನಲ್ಲಿ ಕಾಲೇಜು ಕಚೇರಿಯ ಗುಮಾಸ್ತನಾಗಿದ್ದೇನೆ. 18 ವರ್ಷ ಕುಡಿದೆ. ಕೊನೆಕೊನೆಗೆ ಬೆಳಗ್ಗೆ ಒಂದು ಕ್ವಾರ್ಟರ್ ಒಳಗೆ ಹೋಗದಿದ್ದರೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಲು ಕೈ ನಿಲ್ಲುತ್ತಿರಲಿಲ್ಲ. ಒಮ್ಮೆ ಮನೆಯಲ್ಲೇ ಹಟ ಹಿಡಿದು ನಿಲ್ಲಿಸಲು ಹೋಗಿ ಎರಡನೆಯ ದಿನ ಫಿಟ್ಸ್ ಬಂದಿತ್ತು. ಆಮೇಲೆ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದೆ. ಅಲ್ಲಿಂದೀಚೆಗೆ 14 ತಿಂಗಳಾಯಿತು, ಒಂದು ಹನಿಯನ್ನೂ ಮುಟ್ಟಿಲ್ಲ; ವಾರಕ್ಕೆ ಎರಡು ಸಲ ಕುಡಿತ ಬಿಟ್ಟವರ ಸಭೆಗೆ ತಪ್ಪದೆ ಹೋಗುತ್ತೇನೆ. ಆದರೆ ಆಗ ದಿನಕ್ಕೆ ಎಂಟೋ ಹತ್ತೋ ಇದ್ದ ಸಿಗರೇಟು ಈಗ 20ಕ್ಕೆ ಏರಿದೆ. ಹಾಸಿಗೆಯಿಂದ ಎದ್ದವನಿಗೆ ಹಲ್ಲುಜ್ಜುವುದಕ್ಕೂ ಮೊದಲು ಒಂದು ಬೇಕು. ಕಚೇರಿಯ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಸಭೆಯ ಹಿರಿಯರೊಬ್ಬರು, “ಮೊದಲು ಕುಡಿತ ಬಿಟ್ಟದ್ದು ಗಟ್ಟಿಯಾಗಲಿ, ಸಿಗರೇಟಿನ ತಂಟೆಗೆ ಹೋಗಬೇಡ, ಹೋದರೆ ಎರಡೂ ಕೆಡುತ್ತದೆ” ಎಂದಿದ್ದರು. ಆದರೂ ಮೂರು ತಿಂಗಳ ಹಿಂದೆ ಮಗಳ ಮಾತಿಗೆ ಕಟ್ಟುಬಿದ್ದು ಒಂದು ಸೋಮವಾರ ಪೂರ್ತಿ ನಿಲ್ಲಿಸಿದೆ. ಬಾಯಿ ಬರಿದಾಗಿರಬಾರದೆಂದು ದಿನಕ್ಕೆ ಏಳೆಂಟು ಲೋಟ ಕಾಫಿ ಕುಡಿದೆ. ಎದೆ ಡವಡವ ಎನ್ನುತ್ತಿತ್ತು, ರಾತ್ರಿ ಕಣ್ಣು ಮುಚ್ಚಲಿಲ್ಲ. ನಾಲ್ಕನೆಯ ದಿನ ಸಂಜೆ ಎಚ್ಚರವಾಗಿ ನೋಡಿಕೊಂಡರೆ ನಾನು ಹಳೆಯ ವೈನ್ ಶಾಪಿನ ಎದುರಿನ ರಸ್ತೆಯಲ್ಲಿ ನಿಂತಿದ್ದೆ. ಒಳಗೆ ಹೋಗಲಿಲ್ಲ. ಪಕ್ಕದ ಗೂಡಂಗಡಿಯಲ್ಲಿ ಸಿಗರೇಟು ಕೊಂಡು ಸೇದಿ ಮನೆಗೆ ಬಂದೆ. ಆ ದಿನ ಸಿಗರೇಟೇ ನನ್ನನ್ನು ಉಳಿಸಿತು ಎಂದು ನನ್ನ ನಂಬಿಕೆ. ಅದನ್ನು ಬಿಟ್ಟರೆ ಮತ್ತೆ ಕುಡಿಯುತ್ತೇನೆಯೇ? ದಯವಿಟ್ಟು ಸಮಾಧಾನಕ್ಕಾಗಿ ಅಲ್ಲ, ಇದ್ದದ್ದು ಇದ್ದಂತೆ ಹೇಳಿ.

ಉತ್ತರ: ಇದ್ದದ್ದನ್ನೇ ಹೇಳುತ್ತೇನೆ. ಆ ಸಂಜೆ ನಿಮ್ಮನ್ನು ಆ ರಸ್ತೆಗೆ ಕರೆದೊಯ್ದದ್ದು ಸಿಗರೇಟು ಬಿಡುವ ನಿಮ್ಮ ನಿರ್ಧಾರವಲ್ಲ, ಅದನ್ನು ಬಿಟ್ಟ ರೀತಿ. ಯಾವ ಸಿದ್ಧತೆಯೂ ಇಲ್ಲದೆ, ಔಷಧಿಯ ಆಸರೆಯೂ ಇಲ್ಲದೆ, ಏಳೆಂಟು ಲೋಟ ಕಾಫಿಯ ಮೇಲೆ, 20 ಸಿಗರೇಟಿನ ಅಭ್ಯಾಸವನ್ನು ಒಂದೇ ಏಟಿಗೆ ನಿಲ್ಲಿಸಿದಿರಿ. ಕುಡಿತವನ್ನು ಮನೆಯಲ್ಲೇ ಹಟ ಹಿಡಿದು ನಿಲ್ಲಿಸಲು ಹೋಗಿ ಫಿಟ್ಸ್ ತಂದುಕೊಂಡ ಅನುಭವ ನಿಮಗಿದೆ. ಈ ಸಲವೂ ಮಾಡಿದ್ದು ಅದನ್ನೇ, ವಸ್ತು ಮಾತ್ರ ಬೇರೆ. ಸಿಗರೇಟು ಬಿಟ್ಟಾಗ ಫಿಟ್ಸ್ ಬರುವುದಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ, ಆದ್ದರಿಂದ ಜನ ಅದಕ್ಕೆ ಚಿಕಿತ್ಸೆಯೇ ಬೇಡವೆಂದು ತಿಳಿಯುತ್ತಾರೆ.

ನಾಲ್ಕು ದಿನಗಳಲ್ಲಿ ನಿಮ್ಮ ದೇಹದಲ್ಲಿ ಏನಾಯಿತೆಂದು ಸ್ವಲ್ಪ ವಿವರವಾಗಿ ನೋಡೋಣ. ಎಳೆದ ಹೊಗೆಯಲ್ಲಿನ ನಿಕೋಟಿನ್ 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ, ಮತ್ತು ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಇಪ್ಪತ್ತು ಸೇದುವವರ ಮಿದುಳು ಎಚ್ಚರವಿರುವಷ್ಟೂ ಹೊತ್ತು ಈ ಏರಿಳಿತದಲ್ಲೇ ಇರುತ್ತದೆ. ಪೂರ್ತಿ ನಿಲ್ಲಿಸಿದಾಗ ಸಿಡಿಮಿಡಿ, ಚಡಪಡಿಕೆ, ನಿದ್ರೆಗೇಡು, ಗಮನ ನಿಲ್ಲದಿರುವುದು, ಕಾರಣವಿಲ್ಲದ ಬೇಸರ ಇವೆಲ್ಲ ಎರಡು ಮೂರನೆಯ ದಿನಕ್ಕೆ ತುತ್ತತುದಿಗೆ ಹೋಗಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಈ ಲಕ್ಷಣಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಕುಡಿತ ಬಿಟ್ಟ ಮೊದಲ ವಾರದಲ್ಲಿ ನೀವು ಅನುಭವಿಸಿದ್ದು ಬಹುಮಟ್ಟಿಗೆ ಇದನ್ನೇ ಅಲ್ಲವೇ? ಹದಿನೆಂಟು ವರ್ಷಗಳ ಕಾಲ ಇಂಥ ಚಡಪಡಿಕೆಗೆ ಒಂದೇ ಮದ್ದನ್ನು ಕಂಡುಕೊಂಡಿದ್ದ ಮಿದುಳು, ಚಡಪಡಿಕೆ ಎಲ್ಲಿಂದ ಬಂತೆಂದು ವಿಚಾರಿಸದೆ, ಕಾಲಿಗೆ ಗೊತ್ತಿದ್ದ ದಾರಿಯಲ್ಲಿ ನಿಮ್ಮನ್ನು ನಡೆಸಿತು.

ಇನ್ನು ಕಾಫಿಯ ವಿಷಯ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು (ನಿಕೋಟಿನ್ ಅಲ್ಲ, ಹೊಗೆ) ಪಿತ್ತಜನಕಾಂಗದ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ, ಮತ್ತು ಕಾಫಿಯ ಕೆಫೀನನ್ನು ಕರಗಿಸಿ ಹೊರಹಾಕುವುದು ಅದೇ ಕಿಣ್ವ. ಆದ್ದರಿಂದ ಸೇದುವವರು ಎಷ್ಟು ಕಾಫಿ ಕುಡಿದರೂ ಅವರಿಗೆ ಅದು ಅಷ್ಟಾಗಿ ತಗುಲುವುದಿಲ್ಲ. ಸೇದುವುದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಕಿಣ್ವ ಮೊದಲಿನ ನಿಧಾನಗತಿಗೆ ಮರಳುತ್ತದೆ. ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟಾಗಬಹುದು. ನೀವು ಅಷ್ಟೇ ಕುಡಿಯಲಿಲ್ಲ, ಹೆಚ್ಚಿಸಿಕೊಂಡಿರಿ. ನಿಮ್ಮ ಡವಡವ ಮತ್ತು ನಿದ್ರೆಯಿಲ್ಲದ ರಾತ್ರಿಗಳಲ್ಲಿ ದೊಡ್ಡ ಪಾಲು ಫಿಲ್ಟರ್ ಕಾಫಿಯದು ಎಂದೇ ನನ್ನ ಅನುಮಾನ. ಕುಡಿತ ಬಿಟ್ಟವರ ಸಭೆಗಳಲ್ಲಿ ಕಾಫಿ ಚಹಾ ಧಾರಾಳವಾಗಿರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಸಿಗರೇಟು ಬಿಡುವ ದಿನದಿಂದ ಕಾಫಿಯನ್ನು ಅರ್ಧಕ್ಕೆ ಇಳಿಸಬೇಕು, ಮಧ್ಯಾಹ್ನದ ನಂತರ ಬೇಡವೇ ಬೇಡ. ಇಷ್ಟು ಸಣ್ಣ ಮಾತನ್ನು ಯಾರೂ ಹೇಳದೆ ಎಷ್ಟು ಪ್ರಯತ್ನಗಳು ಮೊದಲ ವಾರದಲ್ಲೇ ಮುರಿದು ಬೀಳುತ್ತವೆಯೋ!

ನಿಮ್ಮ ಸಭೆಯ ಹಿರಿಯರು ಹೇಳಿದ ಮಾತು ಅವರೊಬ್ಬರದಲ್ಲ. ಕುಡಿತ ಬಿಟ್ಟವರ ಇಂಥ ಸಭೆಗಳನ್ನು ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘ 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಆರಂಭವಾದ ಕಾಲದಿಂದಲೂ ಹೊಗೆ ಮತ್ತು ಕಾಫಿ ಆ ಸಭೆಗಳ ಅಂಗಗಳಂತೆಯೇ ಇದ್ದವು. ದೊಡ್ಡ ಶತ್ರುವಿನೊಡನೆ ಕಾದಾಡುತ್ತಿರುವವನಿಗೆ ಸಣ್ಣ ಸುಖವೊಂದನ್ನು ಬಿಟ್ಟುಕೊಡಬೇಕೆಂಬ ಕರುಣೆ ಅದರ ಹಿಂದಿತ್ತು. ಆ ಕರುಣೆಯ ಬೆಲೆ ಎಷ್ಟೆಂಬುದು ತಡವಾಗಿ ಗೊತ್ತಾಯಿತು. ಸಂಘದ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಮೂವತ್ತಾರು ವರ್ಷ ಒಂದು ಹನಿಯನ್ನೂ ಮುಟ್ಟದೆ ಬದುಕಿದರು. ಆದರೆ ಸಿಗರೇಟು ಅವರ ಶ್ವಾಸಕೋಶಗಳನ್ನು ತಿಂದುಹಾಕಿತ್ತು, 1971ರಲ್ಲಿ ಅವರು ತೀರಿಕೊಂಡದ್ದು ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ) ಮತ್ತು ನ್ಯುಮೋನಿಯಾದಿಂದ. ಅದೇ ದೇಶದ ಮಿನೆಸೋಟಾ ರಾಜ್ಯದಲ್ಲಿ ಕುಡಿತಕ್ಕೆ ಚಿಕಿತ್ಸೆ ಪಡೆದ 845 ಜನರನ್ನು ವರ್ಷಗಟ್ಟಲೆ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆ ಅವಧಿಯಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯ ಸಾವಿಗೆ ತಂಬಾಕು ಕಾರಣವಾಗಿತ್ತು, ಮದ್ಯ ಕಾರಣವಾದದ್ದು ಸುಮಾರು ಮೂರನೆಯ ಒಂದು ಭಾಗಕ್ಕೆ. ಕುಡಿತದಿಂದ ಬದುಕಿಸಿ ತಂದವರನ್ನು ನಾವು ಹೊಗೆಗೆ ಒಪ್ಪಿಸುತ್ತಿದ್ದೆವು ಎಂದು ವೈದ್ಯರು ತಲೆತಗ್ಗಿಸಬೇಕಾದ ಲೆಕ್ಕ ಅದು. ಹದಿನೆಂಟು ವರ್ಷ ಎರಡನ್ನೂ ಕೂಡಿಸಿ ನಡೆಸಿದ ನಿಮಗೆ ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿನ ಅಪಾಯ ಬರೀ ಒಂದಕ್ಕೊಂದು ಕೂಡಿದ್ದಲ್ಲ, ಗುಣಿಸಿದ್ದು; ಒಂದನ್ನು ಬಿಟ್ಟು ಅರ್ಧ ಕೆಲಸ ಮಾಡಿದ್ದೀರಿ.

“ಎರಡೂ ಕೆಡುತ್ತದೆ” ಎಂಬ ಮಾತು ನಿಜವೇ ಎಂಬುದನ್ನೂ ಜನ ಪರೀಕ್ಷಿಸಿ ನೋಡಿದ್ದಾರೆ. ವ್ಯಸನದ ಚಿಕಿತ್ಸೆಯಲ್ಲಿದ್ದವರಿಗೆ ಧೂಮಪಾನ ಬಿಡಲೂ ನೆರವು ಕೊಟ್ಟ 19 ಪ್ರಯೋಗಗಳನ್ನು ಒಟ್ಟುಗೂಡಿಸಿದ 2004ರ ಒಂದು ವಿಶ್ಲೇಷಣೆಯಲ್ಲಿ, ಹಾಗೆ ನೆರವು ಪಡೆದವರು ಮದ್ಯ ಮತ್ತು ಇತರ ಮಾದಕವಸ್ತುಗಳಿಂದ ದೀರ್ಘಕಾಲ ದೂರ ಉಳಿಯುವ ಸಾಧ್ಯತೆ ಶೇಕಡಾ 25ರಷ್ಟು ಹೆಚ್ಚಿತ್ತು. ನೀವು ಇದ್ದದ್ದು ಇದ್ದಂತೆ ಹೇಳಿ ಎಂದಿರುವುದರಿಂದ ಇನ್ನೊಂದು ಪಕ್ಕದ ಸಾಕ್ಷಿಯನ್ನೂ ಮುಚ್ಚಿಡುವುದಿಲ್ಲ: ಅದೇ ವರ್ಷ ಪ್ರಕಟವಾದ, 499 ಜನರನ್ನು ಒಳಗೊಂಡ ಮತ್ತೊಂದು ಪ್ರಯೋಗದಲ್ಲಿ, ಕುಡಿತದ ಚಿಕಿತ್ಸೆಯ ಜೊತೆಜೊತೆಗೇ ಸಿಗರೇಟು ಬಿಡಿಸಲು ಹೊರಟ ಗುಂಪಿಗಿಂತ ಆರು ತಿಂಗಳು ಕಾದು ಆಮೇಲೆ ಆರಂಭಿಸಿದ ಗುಂಪಿನಲ್ಲಿ ಮದ್ಯದಿಂದ ದೂರ ಉಳಿದವರು ಹೆಚ್ಚಿದ್ದರು. ಹಿರಿಯರ ಮಾತಿನಲ್ಲಿ ಸತ್ಯದ ಒಂದು ಎಳೆ ಇರುವುದು ಇಲ್ಲಿಯೇ. ಮೊದಲ ಕೆಲವು ವಾರಗಳ ಬಗ್ಗೆ ತಜ್ಞರಲ್ಲಿ ಚರ್ಚೆ ಉಂಟು. ಆದರೆ ನೀವು 14 ತಿಂಗಳು ಕಳೆದವರು. ಆ ಚರ್ಚೆ ನಿಮಗೆ ಅನ್ವಯಿಸುವುದಿಲ್ಲ. “ಗಟ್ಟಿಯಾಗಲಿ” ಎಂದು ಕಾಯುವುದಕ್ಕೂ ಒಂದು ಗಡುವು ಇರಬೇಕಷ್ಟೆ.

ಸಿಗರೇಟು ಆ ದಿನ ನಿಮ್ಮನ್ನು ಉಳಿಸಿತು ಎಂಬ ನಂಬಿಕೆಯನ್ನು ನಾನು ತಳ್ಳಿಹಾಕುವುದಿಲ್ಲ, ಅರ್ಧ ತಿದ್ದುತ್ತೇನೆ. ನಿಕೋಟಿನ್ ಇಲ್ಲದ್ದರಿಂದ ಹುಟ್ಟಿದ ಸಂಕಟವನ್ನು ನಿಕೋಟಿನ್ ಇಳಿಸಿತು, ನಿಜ. ಬೆಳಗಿನ ಕ್ವಾರ್ಟರ್ ಕೈನಡುಕವನ್ನು ನಿಲ್ಲಿಸುತ್ತಿದ್ದದ್ದೂ ಹೀಗೆಯೇ. ವೈನ್ ಶಾಪಿನ ಬಾಗಿಲಿನಿಂದ ಹಿಂದೆ ಬಂದದ್ದು ಮಾತ್ರ ನೀವು. ಸಿಗರೇಟು ಕೊಳ್ಳುವುದಕ್ಕೆ ಮೊದಲೇ ನೀವು ಒಳಗೆ ಹೋಗಿರಲಿಲ್ಲ ಎಂದು ನೀವೇ ಬರೆದಿದ್ದೀರಿ.

ಈಗ ಮಾಡಬೇಕಾದ ಕೆಲಸ. ಮೊದಲು ನಿಮಗೆ ಕುಡಿತದ ಚಿಕಿತ್ಸೆ ಕೊಟ್ಟ ಮನೋವೈದ್ಯರನ್ನೇ ಕಂಡು, ಸಿಗರೇಟು ಬಿಡುತ್ತೇನೆಂದು ತಿಳಿಸಿ. ಎದ್ದ ಐದು ನಿಮಿಷದೊಳಗೆ ಮೊದಲ ಸಿಗರೇಟು ಬೇಕಾಗುವುದು ನಿಕೋಟಿನ್ ಅವಲಂಬನೆ ತೀವ್ರವಾಗಿದೆ ಎಂಬುದಕ್ಕೆ ಗುರುತು; ನಿಮ್ಮಂಥವರಿಗೆ ಬರೀ ಮನೋಬಲದ ಮೇಲೆ ಭಾರ ಹಾಕುವುದು ಅನ್ಯಾಯ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ದಿನವಿಡೀ ಒಂದೇ ಸಮನಾಗಿ ಸ್ವಲ್ಪ ನಿಕೋಟಿನ್ ಕೊಡುತ್ತದೆ. ಅದರ ಜೊತೆಗೆ ತಲಬು ಹತ್ತಿದಾಗ ಅಗಿಯಲು ನಿಕೋಟಿನ್ ಗಮ್ ಇಟ್ಟುಕೊಂಡರೆ ಎರಡರಲ್ಲಿ ಒಂದನ್ನು ಮಾತ್ರ ಬಳಸುವುದಕ್ಕಿಂತ ಫಲ ಹೆಚ್ಚು. ಒಂದು ಚಟ ಬಿಡಲು ಅದೇ ವಸ್ತುವನ್ನು ಕೊಡುವುದೆಂದರೇನು ಎಂದು ಸಭೆಯಲ್ಲಿ ಯಾರಾದರೂ ಕೇಳಬಹುದು. ಕ್ಯಾನ್ಸರ್, ಶ್ವಾಸಕೋಶದ ಕಾಯಿಲೆಗಳನ್ನು ತರುವುದು ಮುಖ್ಯವಾಗಿ ಹೊಗೆ. ನಿಧಾನವಾಗಿ ಸೇರುವ ಈ ಸಣ್ಣ ಪ್ರಮಾಣವನ್ನು ಎಂಟರಿಂದ ಹನ್ನೆರಡು ವಾರಗಳಲ್ಲಿ ಮೆಲ್ಲಗೆ ಇಳಿಸಿ ನಿಲ್ಲಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿ 2009ರಿಂದ ಇದು ಇದೆ.

ಗಮ್ ಬಳಸುವ ಕ್ರಮವನ್ನು ಔಷಧಿ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ, ನಮ್ಮ ಜನ ಅದನ್ನು ಎಲೆಅಡಿಕೆಯಂತೆ ಜಗಿದು ರಸ ನುಂಗುತ್ತಾರೆ, ಬಿಕ್ಕಳಿಕೆ ಎದೆಯುರಿ ಬಂದಾಗ ಬಿಸಾಡುತ್ತಾರೆ. ಅದನ್ನು ನಾಲ್ಕಾರು ಸಲ ನಿಧಾನವಾಗಿ ಅಗಿದು, ನಾಲಗೆಗೆ ಮೆಣಸಿನ ಖಾರದಂಥ ಚುರುಕು ತಿಳಿದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಟ್ಟುಕೊಳ್ಳಬೇಕು. ಚುರುಕು ಇಳಿದಾಗ ಮತ್ತೆ ಎರಡು ಮೂರು ಸಲ ಅಗಿದು ಬೇರೆ ಕಡೆ ಇಡಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಸೇರುವುದು ಬಾಯಿಯ ತೊಗಲಿನ ಮೂಲಕ, ಹೊಟ್ಟೆಯ ಮೂಲಕ ಅಲ್ಲ. ಕಾಫಿ, ನಿಂಬೆಯ ಪಾನಕ, ಹಣ್ಣಿನ ರಸ ಇವು ಬಾಯಿಯನ್ನು ಹುಳಿಯಾಗಿಸಿ ಅದನ್ನು ತಡೆಯುವುದರಿಂದ, ಗಮ್ ಹಾಕಿಕೊಳ್ಳುವ ಕಾಲು ಗಂಟೆ ಮೊದಲಿನಿಂದ ಅವನ್ನು ಕುಡಿಯಬಾರದು. ಗಮ್ 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂ ಪ್ರಮಾಣಗಳಲ್ಲಿ ಸಿಗುತ್ತದೆ; ನಿಮಗೆ ಬಹುಶಃ 4 ಬೇಕಾದೀತು, ಅದನ್ನು ವೈದ್ಯರೇ ಬರೆದುಕೊಡಲಿ.

ಮಾತ್ರೆಗಳೂ ಇವೆ. ವಾರೆನಿಕ್ಲಿನ್ ಎಂಬುದು ಪರಿಣಾಮಕಾರಿಯಾದದ್ದು, ಕೆಲವರಿಗೆ ವಾಕರಿಕೆ ಮತ್ತು ವಿಚಿತ್ರ ಕನಸುಗಳನ್ನು ತರುತ್ತದೆ. ಬ್ಯುಪ್ರೊಪಿಯಾನ್ ಎಂಬ ಇನ್ನೊಂದು ಮಾತ್ರೆ ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ನಿಮಗೆ ಒಮ್ಮೆ ಫಿಟ್ಸ್ ಬಂದಿರುವುದನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಬೇಕು; ಇದನ್ನು ಮರೆಯಬೇಡಿ.

ಬಿಡುವ ದಿನವನ್ನು ಎರಡು ಮೂರು ವಾರ ಮುಂದಕ್ಕೆ ಗೊತ್ತುಮಾಡಿ. ಊರ ಜಾತ್ರೆ, ನೆಂಟರ ಮದುವೆ, ಕಾಲೇಜಿನ ಪ್ರವೇಶ ಅಥವಾ ಪರೀಕ್ಷೆಯ ಗಡಿಬಿಡಿ ಯಾವುದೂ ಮುಂದಿನ ಹದಿನೈದು ದಿನಗಳಲ್ಲಿ ಬೀಳದಂತೆ ನೋಡಿಕೊಳ್ಳಿ. ಆ ದಿನಾಂಕವನ್ನು ಸಭೆಯಲ್ಲಿ ಎದ್ದು ನಿಂತು ಹೇಳಿ, ಹಿರಿಯರ ಎದುರಿಗೇ. ಕುಡಿತ ಬಿಡುವಾಗ ನೀವು ಕಲಿತ ವಿದ್ಯೆ ಇಲ್ಲಿಗೂ ಸಲ್ಲುತ್ತದೆ: ಇಡೀ ಬದುಕಿನ ಮಾತು ಬಿಟ್ಟು ಇವತ್ತಿನ ದಿನವನ್ನಷ್ಟೇ ನೋಡುವುದು, ಹಸಿವು, ಸಿಟ್ಟು, ಒಂಟಿತನ, ದಣಿವು ಇವುಗಳಲ್ಲಿ ಯಾವುದು ತನ್ನನ್ನು ಕಾಡುತ್ತಿದೆಯೆಂದು ಕೇಳಿಕೊಳ್ಳುವುದು, ತಡೆಯಲಾಗದಾಗ ಜೊತೆಗಾರನಿಗೆ ಫೋನು ಮಾಡುವುದು. ಈ ವಿಷಯದಲ್ಲಿ ಸಿಗರೇಟು ಮಾತ್ರ ಸೇದುವ ನಿಮ್ಮ ಸಹೋದ್ಯೋಗಿಗಿಂತ ನೀವು ಮುಂದೆ ಇದ್ದೀರಿ. ತಲಬಿನ ಒಂದೊಂದು ಅಲೆಯೂ ಕೆಲವು ನಿಮಿಷಗಳದು. ಅಷ್ಟು ಹೊತ್ತು ಎದ್ದು ನಡೆದಾಡಿ, ತಣ್ಣೀರು ಕುಡಿಯಿರಿ, ಒಂದು ಹಿಡಿ ಹುರಿಗಡಲೆ ಬಾಯಿಗೆ ಹಾಕಿಕೊಳ್ಳಿ. ಮೊದಲ ಎರಡು ವಾರ ಸಂಜೆಯ ಹೊತ್ತು ಒಬ್ಬರೇ ಇರಬೇಡಿ, ಮನೆಗೆ ಬರುವ ದಾರಿಯನ್ನು ಬದಲಿಸಿ. ಗೂಡಂಗಡಿ ಮತ್ತು ವೈನ್ ಶಾಪು ಒಂದೇ ರಸ್ತೆಯಲ್ಲಿದ್ದರೆ ಆ ರಸ್ತೆಯೇ ಬೇಡ. ತೂಕ ನಾಲ್ಕೈದು ಕಿಲೋ ಏರಬಹುದು, ಅದನ್ನು ಆಮೇಲೆ ನೋಡಿಕೊಳ್ಳೋಣ. ಎರಡನ್ನೂ ಒಟ್ಟಿಗೆ ಸರಿಮಾಡಲು ಹೋಗಿ ಉಪವಾಸ ಕೂತರೆ ಹಸಿವು ನಿಮ್ಮನ್ನು ಹಳೆಯ ರಸ್ತೆಗೇ ತಂದು ನಿಲ್ಲಿಸುತ್ತದೆ.

ಒಂದು ಸಿಗರೇಟು ಜಾರಿ ಸೇದಿಬಿಟ್ಟರೆ ನಿಮ್ಮ 14 ತಿಂಗಳ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಮದ್ಯದ ದಿನಾಂಕ ಬೇರೆ, ಸಿಗರೇಟಿನ ದಿನಾಂಕ ಬೇರೆ. ಎರಡು ಪ್ರತ್ಯೇಕ ಕ್ಯಾಲೆಂಡರುಗಳಲ್ಲಿ ಗುರುತು ಹಾಕಿಕೊಳ್ಳಿ ಎಂದು ನಾನು ನನ್ನ ರೋಗಿಗಳಿಗೆ ಹೇಳುತ್ತೇನೆ. “ಹೇಗಿದ್ದರೂ ಕೆಟ್ಟಿತಲ್ಲ” ಎಂಬ ಯೋಚನೆಯೇ ಒಂದು ಸಿಗರೇಟನ್ನು ಒಂದು ಕ್ವಾರ್ಟರ್ ಆಗಿಸುವುದು. ಮತ್ತೆ ಎಂದಾದರೂ ಆ ಸಂಜೆಯಂತೆ ಕುಡಿತ ಒಂದು ಕಡೆ, ಸಿಗರೇಟು ಒಂದು ಕಡೆ ಎಂಬ ಸ್ಥಿತಿ ಬಂದರೆ, ವೈದ್ಯನಾಗಿ ಸಂಕೋಚವಿಲ್ಲದೆ ಹೇಳುತ್ತೇನೆ, ಕುಡಿಯಬೇಡಿ, ಸಿಗರೇಟು ಸೇದಿದರೂ ಚಿಂತೆಯಿಲ್ಲ, ಮರುದಿನದಿಂದ ಅದನ್ನು ಮತ್ತೆ ಬಿಡೋಣ. ಆದರೆ ಈ ಸಲ ಜೇಬಿನಲ್ಲಿ ಗಮ್ ಇರುತ್ತದೆ, ತೋಳಿನ ಮೇಲೆ ಪಟ್ಟಿ ಇರುತ್ತದೆ, ಹೊಟ್ಟೆಯಲ್ಲಿ ಎಂಟು ಲೋಟ ಕಾಫಿ ಇರುವುದಿಲ್ಲ. ಅಂಥ ಸಂಜೆ ಬರುವ ಸಂಭವವೇ ಕಡಿಮೆ.

ಪ್ರಶ್ನೆ: ನಾವು ಬೆಳ್ತಂಗಡಿ ಕಡೆಯವರು. ನನ್ನ ಗಂಡ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ಐದು ತಿಂಗಳಾಯಿತು, ದೇವರ ದಯೆಯಿಂದ ಕುಡಿಯುತ್ತಿಲ್ಲ. ನಾನು ಮನೆಯಲ್ಲಿ ಬೀಡಿ ಕಟ್ಟಿ ಬ್ರಾಂಚಿಗೆ ಕೊಡುತ್ತೇನೆ. ಅವರು ನನ್ನ ಮೊರದಿಂದಲೇ ಬೀಡಿ ತೆಗೆದು ಸೇದುತ್ತಾರೆ, ದಿನಕ್ಕೆ ಎರಡು ಕಟ್ಟು ಆಗುತ್ತದೋ ಏನೋ. ಆರು ವರ್ಷದ ಮಗನಿಗೆ ಉಬ್ಬಸ ಇದೆ. ಹೇಳಿದರೆ ಮನಸ್ಸು ಕೆಟ್ಟು ಮತ್ತೆ ಕುಡಿದಾರು ಎಂದು ಬಾಯಿ ಮುಚ್ಚಿಕೊಂಡಿದ್ದೇನೆ. ಬೀಡಿ ಎಲೆಯದ್ದಲ್ಲವೇ, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎನ್ನುತ್ತಾರೆ. ಹೌದೇ?

ಉತ್ತರ: ಅಲ್ಲ. ಬೀಡಿಯಲ್ಲಿ ತುಂಬುವ ಹೊಗೆಸೊಪ್ಪು ಸಿಗರೇಟಿನಲ್ಲಿರುವುದಕ್ಕಿಂತ ಕಡಿಮೆ ಇದ್ದರೂ, ಸುತ್ತಿದ ಎಲೆಯಲ್ಲಿ ಗಾಳಿ ಸರಿಯಾಗಿ ಆಡದೆ ಅದು ಮತ್ತೆ ಮತ್ತೆ ಆರುವುದರಿಂದ ಹೆಚ್ಚು ಸಲ, ಹೆಚ್ಚು ಬಲವಾಗಿ ಎಳೆಯಬೇಕಾಗುತ್ತದೆ. ಒಳಗೆ ಹೋಗುವ ನಿಕೋಟಿನ್, ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯೇನಲ್ಲ, ಅನೇಕ ಪರೀಕ್ಷೆಗಳಲ್ಲಿ ಹೆಚ್ಚೇ ಕಂಡುಬಂದಿದೆ.

ನಿಮ್ಮ ಮೌನ ನನಗೆ ಅರ್ಥವಾಗುತ್ತದೆ. ಕುಡುಕನ ಜೊತೆ ಬಾಳಿದ ಹೆಣ್ಣು ಗಂಡನ ಮುಖಚರ್ಯೆಯನ್ನು ಓದುತ್ತಲೇ ದಿನ ತಳ್ಳುವುದನ್ನು ಕಲಿತಿರುತ್ತಾಳೆ, ಮತ್ತು ಅವನು ಬಿಟ್ಟ ಮೇಲೂ ಆ ಅಭ್ಯಾಸ ಹೋಗುವುದಿಲ್ಲ. ಆದರೆ ಅವರು ಕುಡಿಯದಿರುವುದು ನೀವು ಬಾಯಿ ಮುಚ್ಚಿರುವುದರಿಂದ ಅಲ್ಲ. ಅಕಸ್ಮಾತ್ ಕುಡಿದರೂ ಅದು ನೀವು ಮಾತಾಡಿದ್ದರಿಂದ ಆಗುವುದಿಲ್ಲ. ಸಿಟ್ಟಿನ ಹೊತ್ತಿನಲ್ಲಿ, ನೆಂಟರೆದುರು, ಶಿಬಿರದ ಉಪಕಾರವನ್ನು ಎತ್ತಿ ಆಡಿ ಹೇಳಬೇಡಿ. ಮಗನಿಗೆ ಉಬ್ಬಸ ಬಂದು ಇಳಿದ ಒಂದು ಬೆಳಗ್ಗೆ, “ಕುಡಿತ ಬಿಟ್ಟಿರಿ, ನಮಗೆ ಅಷ್ಟೇ ಸಾಕಿತ್ತು, ಈಗ ಇವನ ಉಸಿರಿಗಾಗಿ ಒಂದು ಮಾತು ಕೇಳುತ್ತೇನೆ” ಎಂದು ಆರಂಭಿಸಿ. ಮೊದಲ ಬೇಡಿಕೆ ಸಣ್ಣದಾಗಿರಲಿ: ಮಾಡಿನ ಕೆಳಗೆ, ಜಗಲಿಯಲ್ಲಿ ಸೇದುವುದು ಬೇಡ, ಅಂಗಳ ದಾಟಿ ಹೋಗಿ. ಅದರಿಂದ ಮಗು ಪೂರ್ತಿ ಪಾರಾಗುವುದಿಲ್ಲ, ಬಟ್ಟೆ ಕೂದಲಲ್ಲಿ ಹೊಗೆ ಒಳಗೆ ಬರುತ್ತದೆ. ಆದರೂ ಎದ್ದು ಹೋಗಬೇಕಾದಾಗಲೆಲ್ಲ ಬೀಡಿಯ ಲೆಕ್ಕ ಅವರಿಗೇ ತಿಳಿಯುತ್ತದೆ.

ಇನ್ನೊಂದು ಮಾತು ನಿಮ್ಮ ಹೊಟ್ಟೆಪಾಡಿಗೆ ಸಂಬಂಧಿಸಿದ್ದು, ಆದ್ದರಿಂದ ಅಳುಕುತ್ತಲೇ ಬರೆಯುತ್ತೇನೆ. ಕುಡಿತ ಬಿಟ್ಟವನ ಮನೆಯಲ್ಲಿ ಬಾಟಲಿ ಇಡಬೇಡಿ ಎನ್ನುತ್ತೇವೆ. ಬೀಡಿ ಬಿಡಬೇಕಾದವನ ಮನೆಯಲ್ಲಿ ಬೀಡಿಯ ರಾಶಿಯೇ ಇರುತ್ತದೆ. ಕಟ್ಟುವುದನ್ನು ಬಿಡಿ ಎಂದು ಹೇಳುವ ಹಕ್ಕು ನನಗಿಲ್ಲ. ಕಟ್ಟಿದ ಬೀಡಿಯನ್ನೂ ಹೊಗೆಸೊಪ್ಪನ್ನೂ ಮುಚ್ಚಳವಿರುವ ಡಬ್ಬದಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ನಿಮ್ಮಲ್ಲಿರಲಿ. ಇದನ್ನು ಅವರಿಗೆ ತಿಳಿಸಿಯೇ ಮಾಡಿ, ಕದ್ದು ಅಲ್ಲ. ಮಗ ಮಲಗುವ ಕೋಣೆಯಲ್ಲಿ ಕಟ್ಟಬೇಡಿ, ಹೊಗೆಸೊಪ್ಪಿನ ಧೂಳು ಉಬ್ಬಸಕ್ಕೆ ಕೇಡು. ಕೈಗಳ ತೊಗಲಿನ ಮೂಲಕ ನಿಕೋಟಿನ್ ನಿಮಗೂ ಸೇರುತ್ತದೆ, ಬೀಡಿ ಕಟ್ಟಿ ಎದ್ದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ, ತೊಳೆಯದೆ ಮಗನಿಗೆ ತುತ್ತು ಕೊಡಬೇಡಿ.

ಅವರು ಬಿಡುತ್ತೇನೆ ಎಂದ ದಿನ 1800-11-2356ಕ್ಕೆ ಫೋನು ಮಾಡಿಸಿ. ಇದು ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ, ಹಣ ಖರ್ಚಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲಿ ಒಂದಾಗಿರುವುದರಿಂದ ಕನ್ನಡದಲ್ಲೇ ಮಾತಾಡಬಹುದು. 2018ರ ಸೆಪ್ಟೆಂಬರಿನಿಂದ ತಂಬಾಕಿನ ಪೊಟ್ಟಣಗಳ ಮೇಲೆ ಈ ಸಂಖ್ಯೆಯನ್ನು ಅಚ್ಚುಹಾಕಬೇಕೆಂಬ ನಿಯಮವಿದೆ. ನಿಮ್ಮ ಗಂಡ ಪೊಟ್ಟಣ ಒಡೆಯದೆ ನೇರ ಮೊರದಿಂದ ಸೇದುವವರಾದ್ದರಿಂದ ಅದನ್ನು ನೋಡಿರಲಿಕ್ಕಿಲ್ಲ.

ಪ್ರಶ್ನೆ: ವಯಸ್ಸು 31, ಬೆಂಗಳೂರಿನಲ್ಲಿ ಕೆಲಸ. ಕುಡಿತ ನಿಲ್ಲಿಸಿ ಏಳು ವಾರ. ಮದ್ಯ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆಯ ಜೊತೆಗೆ ರಾತ್ರಿ ಒಲಾಂಜಪಿನ್ ಎಂಬ ಮನೋವೈದ್ಯರ ಮಾತ್ರೆ ಕೊಟ್ಟಿದ್ದಾರೆ. ಸಿಗರೇಟು ದಿನಕ್ಕೆ ಹತ್ತು. ಅದನ್ನೂ ಈಗಲೇ ಬಿಡುವ ಹುಮ್ಮಸ್ಸಿದೆ. ವಿದೇಶದಲ್ಲಿರುವ ಗೆಳೆಯ ಇ-ಸಿಗರೇಟು ತಂದುಕೊಡುತ್ತೇನೆ ಎನ್ನುತ್ತಾನೆ. ಇಲ್ಲವೇ ಊರಿನಲ್ಲಿ ಅಣ್ಣಂದಿರು ಹಾಕಿಕೊಳ್ಳುವಂತೆ ಸುಣ್ಣ ತಂಬಾಕು ತಿಕ್ಕಿ ಇಟ್ಟುಕೊಂಡರೆ ಹೊಗೆಯಾದರೂ ತಪ್ಪುತ್ತದಲ್ಲ?

ಉತ್ತರ: ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ ಎಲ್ಲವೂ ನಮ್ಮ ದೇಶದಲ್ಲಿ 2019ರಿಂದ ನಿಷಿದ್ಧ, ಗೆಳೆಯ ತರುವುದೂ ತಪ್ಪೇ. ಸುಣ್ಣ ತಂಬಾಕಿನಿಂದ ಹೊಗೆ ತಪ್ಪುತ್ತದೆ, ಬಾಯಿಯ ಕ್ಯಾನ್ಸರು ತಪ್ಪುವುದಿಲ್ಲ. ವರ್ಷಗಟ್ಟಲೆ ಮದ್ಯ ತಾಗಿದ ಬಾಯಿಗೆ ಅದನ್ನು ಸೇರಿಸುವುದು ನನಗೆ ಊಹಿಸಲೂ ಆಗದ ಸಲಹೆ.

ಈಗಲೇ ಬಿಡಬೇಕೇ ಎಂಬ ಪ್ರಶ್ನೆಗೆ, ಮೊದಲ ಪತ್ರಕ್ಕೆ ಬರೆದ ಉತ್ತರದಲ್ಲಿ ಹೇಳಿದ ಚರ್ಚೆ ನಿಮಗೆ ಅನ್ವಯಿಸುತ್ತದೆ. ಬೇಡವೆನ್ನುವವರನ್ನು ಏಳನೆಯ ವಾರದಲ್ಲಿ ನಾನು ಒತ್ತಾಯಿಸುವುದಿಲ್ಲ. ತಾವಾಗಿ ಬಿಡುತ್ತೇನೆ ಎಂದು ಬಂದವರನ್ನು ವಾಪಸು ಕಳಿಸುವುದೂ ಇಲ್ಲ, ಏಕೆಂದರೆ ಆ ಮನಸ್ಸು ಆರು ತಿಂಗಳ ನಂತರ ಮತ್ತೆ ಬರುತ್ತದೆ ಎಂಬ ಭರವಸೆ ಯಾರಿಗಿದೆ? ನಿದ್ರೆ ಸರಿಹೋಗಿದ್ದು, ಕುಡಿಯಬೇಕೆಂಬ ತುಡಿತ ದಿನದಿನಕ್ಕೆ ಇಳಿಯುತ್ತಿದ್ದರೆ ಮುಂದುವರಿಯಿರಿ. ಪರಿಶೀಲನೆಗೆ ತಿಂಗಳಿಗೊಮ್ಮೆ ಹೋಗುತ್ತಿದ್ದರೆ ಅದನ್ನು ವಾರಕ್ಕೊಮ್ಮೆ ಮಾಡಿಕೊಳ್ಳಿ. ತುಡಿತ ಏರಿತೆಂದು ಕಂಡರೆ ಸಿಗರೇಟಿನ ಕೆಲಸವನ್ನು ಎರಡು ತಿಂಗಳು ಮುಂದೂಡುವುದರಲ್ಲಿ ಅವಮಾನವೇನಿಲ್ಲ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಆ ಮಾನಸಿಕ ಆರೋಗ್ಯ ಸಹಾಯವಾಣಿ ದಿನದ 24 ಗಂಟೆಯೂ ತೆರೆದಿರುತ್ತದೆ.

ನಿಮ್ಮ ಔಷಧಿಗಳ ಬಗ್ಗೆ ಎರಡು ಎಚ್ಚರಿಕೆಗಳಿವೆ. ಕಾಫಿಯನ್ನು ಕರಗಿಸುವ ಕಿಣ್ವವೇ ಒಲಾಂಜಪಿನ್ ಮಾತ್ರೆಯನ್ನೂ ಕರಗಿಸುತ್ತದೆ. ಸೇದುವುದನ್ನು ನಿಲ್ಲಿಸಿದ ವಾರದೊಳಗೆ ಅದರ ಪ್ರಮಾಣ ರಕ್ತದಲ್ಲಿ ಏರಿ, ಹಗಲೆಲ್ಲ ತೂಕಡಿಕೆ ಬರಬಹುದು. ಬಿಡುವ ದಿನಾಂಕವನ್ನು ಮೊದಲೇ ವೈದ್ಯರಿಗೆ ತಿಳಿಸಿದರೆ ಮಾತ್ರೆಯನ್ನು ಅವರು ಇಳಿಸುತ್ತಾರೆ. ನೀವೇ ಇಳಿಸಬೇಡಿ. ಎರಡನೆಯದು ಡೈಸಲ್ಫಿರಾಮ್ ಕುರಿತು. ಸಿಗರೇಟು ಬಿಟ್ಟವರಿಗೆ ಕೆಲವು ವಾರ ಕೆಮ್ಮು ಕಫ ಹೆಚ್ಚಾಗುವುದುಂಟು, ಬಾಯಿಯ ರುಚಿ ಕೆಟ್ಟಂತೆ ತೋರುವುದುಂಟು. ಆಗ ಮನೆಯವರು ದ್ರಾಕ್ಷಾರಿಷ್ಟವನ್ನೋ ವಾಸಾರಿಷ್ಟವನ್ನೋ ತಂದುಕೊಡುತ್ತಾರೆ, ನೀವು ಬಾಯಿ ಮುಕ್ಕಳಿಸುವ ದ್ರಾವಣ ಕೊಳ್ಳುತ್ತೀರಿ. ಅರಿಷ್ಟ ಆಸವಗಳಲ್ಲಿ ಹುದುಗುವಾಗ ತಾನಾಗಿ ಹುಟ್ಟಿದ ಮದ್ಯಸಾರವಿರುತ್ತದೆ, ಕೆಲವು ಮೌತ್‌ವಾಶ್ ಮತ್ತು ಕೆಮ್ಮಿನ ಸಿರಪ್ಪುಗಳಲ್ಲೂ ಇರುತ್ತದೆ. ಡೈಸಲ್ಫಿರಾಮ್ ಮೇಲೆ ಅಷ್ಟು ಸಾಕು, ಮುಖ ಕೆಂಪೇರಿ, ಎದೆ ಬಡಿದು, ವಾಂತಿಯಾಗಲು. ಬಾಟಲಿಯ ಹಿಂದಿನ ಸಣ್ಣಕ್ಷರಗಳನ್ನು ಓದಿಯೇ ಕೊಳ್ಳಿ. ಕೆಮ್ಮಿಗೆ ಬಿಸಿನೀರು, ಬಾಯಿಗೆ ಉಪ್ಪುನೀರು ಸಾಕು. ಮೂರು ವಾರ ಕಳೆದೂ ಕೆಮ್ಮು ಹೋಗದಿದ್ದರೆ, ಅಥವಾ ಕಫದಲ್ಲಿ ರಕ್ತದ ಗೆರೆ ಕಂಡರೆ, ಎದೆಯ ಎಕ್ಸ್‌ರೇ ತೆಗೆಸಿ.